ಹರವಿಯ ನೀರು, ಖಡಕ್ ರೊಟ್ಟಿ

ಬಿಸಿಲು 42 ಡಿಗ್ರಿ ಮುಟ್ಟುವ ಊರಿನಲ್ಲಿ ಔದಾರ್ಯಕ್ಕೆ ದೊಡ್ಡ ಮಾತು ಬೇಕಿಲ್ಲ. ಬೆವರುವ ಒಂದು ಮಣ್ಣಿನ ಹರವಿ, ತಿಂಗಳಿಟ್ಟರೂ ಕೆಡದ ಒಂದು ರೊಟ್ಟಿ, ನೆರಳಿನಲ್ಲೊಂದು ಫರಸಿ ಕಲ್ಲು ಸಾಕು. ಕಲಬುರಗಿ–ಕಮಲಾಪುರ ಸೀಮೆಯ ಕೊಡುಗೈ ನಿಂತಿರುವುದೇ ಇಂಥ ಅಗ್ಗದ ಉಪಾಯಗಳ ಮೇಲೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದೂವರೆಗೆ ಕಲಬುರಗಿಯ ಸರಕಾರಿ ಕಚೇರಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕಚೇರಿ ನಡೆಸುವ ಆದೇಶವನ್ನು ರಾಜ್ಯ ಸರಕಾರ ಹೊರಡಿಸುವುದು ವಾಡಿಕೆಯಾಗಿದೆ. ಆ ಹೊತ್ತಿಗೆ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಲಿನ ರಸ್ತೆಗಳಲ್ಲಿ ಕಾಗದಪತ್ರದ ಚೀಲ ಹಿಡಿದ ಹಳ್ಳಿಗರು, ತಲೆಗೆ ಟವೆಲ್ ಸುತ್ತಿದ ಆಟೊ ಚಾಲಕರು, ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಹೆಂಗಸರು ಬಸ್ಸಿನ ಕಡೆ ಬಿರುಸಾಗಿ ಹೆಜ್ಜೆ ಹಾಕುತ್ತಿರುತ್ತಾರೆ. ಡಾಂಬರಿನ ಝಳ ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತಿರುತ್ತದೆ, ಗಾಳಿ ಬೀಸಿದರೂ ಅದು ಒಲೆಯ ಬಾಯಿಂದ ಬಂದಂತಿರುತ್ತದೆ.

ಅಷ್ಟರಲ್ಲಿ ಯಾವುದೋ ಕಿರಾಣಿ ಅಂಗಡಿಯ ಮುಂದೆ, ತಟ್ಟಿನ ಚೀಲ ಇಳಿಬಿಟ್ಟ ನೆರಳಿನ ಕೆಳಗೆ, ಒದ್ದೆ ಮರಳಿನ ಮೇಲೆ ಕುಳ್ಳಿರಿಸಿದ ಎರಡು ಹರವಿಗಳು ಕಣ್ಣಿಗೆ ಬೀಳುತ್ತವೆ. ಹೊಟ್ಟೆ ಅಗಲ, ಕೊರಳು ಕಿರಿದು, ಮೈಯೆಲ್ಲ ಕೆಂಪು ಬಟ್ಟೆಯ ಸುತ್ತು. ಬಾಯಿಗೆ ಸ್ಟೀಲ್ ತಟ್ಟೆಯ ಮುಚ್ಚಳ, ಅದರ ಮೇಲೆ ಬೋರಲು ಹಾಕಿದ ಗ್ಲಾಸು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ತಲೆಯೆತ್ತದೆಯೇ ಅಂಗಡಿಯವರು ಹೇಳುವ ಮಾತು ಒಂದೇ: “ನೀರ್ ಕುಡೀರಿ, ಕುಂದರ್ರಿ.” ಕುಡಿದವರು ಏನನ್ನೂ ಕೊಳ್ಳದೆ ಎದ್ದು ಹೋದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ದಾರಿಹೋಕರಿಗೆ ಪುಕ್ಕಟೆಯಾಗಿ ನೀರು ಕೊಡುವ ಇಂಥ ತಾಣಕ್ಕೆ ಅರವಟ್ಟಿಗೆ ಎಂದು ಹೆಸರು. 11–12ನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಅರವಟ್ಟಿಗೆಗೆಂದು ಭೂಮಿ ಬಿಟ್ಟುಕೊಟ್ಟ ದತ್ತಿಗಳ ಉಲ್ಲೇಖ ಬರುತ್ತದೆ. ಕೆರೆ ಕಟ್ಟಿಸುವುದು, ಗುಡಿಗೆ ನಂದಾದೀಪದ ಎಣ್ಣೆ ಒದಗಿಸುವುದು ಮೊದಲಾದ ಪುಣ್ಯಕಾರ್ಯಗಳ ಸಾಲಿನಲ್ಲೇ ಅದೂ ನಿಲ್ಲುತ್ತದೆ. ಕೆರೆ ಕಟ್ಟಿಸುವುದಕ್ಕೆ ಅರಸನೋ ದಂಡನಾಯಕನೋ ಬೇಕಾಗಿತ್ತು. ಅರವಟ್ಟಿಗೆಗೆ ಒಬ್ಬ ಕುಂಬಾರ, ಒಬ್ಬ ನೀರು ತುಂಬುವವ, ಒಂದು ಮರದ ನೆರಳು ಇದ್ದರೆ ಆಯಿತು. ಸಾವಿರ ವರ್ಷಗಳ ತರುವಾಯವೂ ಅದರ ಬಂಡವಾಳ ಹೆಚ್ಚೇನೂ ಏರಿಲ್ಲ.

ಒಂದು ಲೋಟದ ಲೆಕ್ಕ

ಹರವಿಯ ನೀರು ತಂಪಾಗುವುದು ಹೇಗೆಂಬುದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಸಂಗತಿಯಾದರೂ, ಕಲಬುರಗಿಯ ಹವೆಯಲ್ಲಿ ಅದು ಅಷ್ಟು ಚೆನ್ನಾಗಿ ನಡೆಯುವುದಕ್ಕೆ ಕಾರಣ ಬೇರೆಯೇ ಇದೆ. ಕೆರೆಯ ಹೂಳುಮಣ್ಣಿಗೆ ಸಣ್ಣ ಮರಳು, ಬೂದಿ, ಕೆಲವೆಡೆ ಲದ್ದಿಯನ್ನೂ ಬೆರೆಸಿ ಹದ ಮಾಡಿದ ಮಣ್ಣು ಆವಿಗೆಯಲ್ಲಿ, ಅಂದರೆ ಕುಂಬಾರನ ಸುಡುಗೂಡಿನಲ್ಲಿ, ಬೇಯುವಾಗ ಉರಿಯಬಲ್ಲ ಕಸರೆಲ್ಲ ಉರಿದು ಅದರ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಒಳಗಿನ ನೀರು ಆ ರಂಧ್ರಗಳ ಮೂಲಕ ಮೈಮೇಲೆ ಒಸರಿ, ಗಾಳಿಗೆ ಆವಿಯಾಗಿ ಹೋಗುವಾಗ, ಹೋಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ.

ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರ್ ಹಿಡಿಯುವ ಹರವಿಯ ನೀರು 10 ಡಿಗ್ರಿ ಇಳಿಯಬೇಕಾದರೆ, ಹೊರಗಿನ ಬಿಸಿ ಒಳಬರುವುದನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವುದಾದರೆ, ಆವಿಯಾಗಬೇಕಾದ ನೀರು 175 ಗ್ರಾಮಿನಷ್ಟು, ಎಂದರೆ ಒಂದು ಲೋಟಕ್ಕೂ ಕಡಿಮೆ. ಹರವಿ ತನ್ನ ಪಾಲಿನ ಒಂದು ಲೋಟ ಕುಡಿದು ಉಳಿದ ಸುಮಾರು ಐವತ್ತು ಲೋಟವನ್ನು ದಾರಿಹೋಕರಿಗೆ ತಂಪು ಮಾಡಿಕೊಡುತ್ತದೆ.

ಇದೇ ಹರವಿಯನ್ನು ಮಂಗಳೂರಿಗೆ ಒಯ್ದರೆ ಅದು ಇಷ್ಟು ದುಡಿಯದು. ಗಾಳಿ ಒಣಗಿದ್ದಷ್ಟೂ ಆವಿಯಾಗುವ ವೇಗ ಹೆಚ್ಚು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಶೇ 30ರ ಕೆಳಗೆ ಇಳಿಯುವುದು ಸಾಮಾನ್ಯ. ಹೊರಗೆ 42 ಡಿಗ್ರಿ ಬಿಸಿಲಿದ್ದು ತೇವಾಂಶ ಶೇ 20 ಇದ್ದಾಗ, ಆವಿಯಾಗುವಿಕೆಯೊಂದರಿಂದಲೇ ನೀರು ಇಳಿಯಬಹುದಾದ ಮಿತಿ ಸುಮಾರು 24 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ ಬಿಸಿಲು, ಶೇ 70 ತೇವಾಂಶ ಇದ್ದಾಗ ಆ ಮಿತಿ 28 ಡಿಗ್ರಿ. ಮನೆಮನೆಯ ಕಿಟಕಿಗೆ ಕಟ್ಟಿದ ಕೂಲರ್, ಅಂದರೆ ಒದ್ದೆ ಹುಲ್ಲಿನ ಪದರದ ಮೂಲಕ ಗಾಳಿ ಎಳೆಯುವ ತಗಡಿನ ಪೆಟ್ಟಿಗೆ, ಈ ಸೀಮೆಯಲ್ಲಿ ಮನೆಮಾತಾಗಿರುವುದಕ್ಕೂ ಕಾರಣ ಇದೇ. ಜನರನ್ನು ಬೇಯಿಸುವ ಒಣಗಾಳಿಯೇ ಅವರ ನೀರನ್ನು ತಣಿಸುವ ಕೂಲಿಯಾಳೂ ಆಗಿದೆ.

*ಬಾಕ್ಸ್:* ಹರವಿ ಕೊಳ್ಳುವವರಿಗೆ

ಬೆರಳ ಗೆಣ್ಣಿನಿಂದ ತಟ್ಟಿದಾಗ ‘ಠಣ್’ ಎಂದರೆ ಚೆನ್ನಾಗಿ ಬೆಂದಿದೆ. ‘ದಬ್’ ಎಂದರೆ ಬಿರುಕಿರಬಹುದು. ಬಣ್ಣ ಬಳಿದು ಹೊಳಪು ಕೊಟ್ಟ ಮಡಕೆ ನೋಡಲು ಚೆಂದ, ಆದರೆ ಬಣ್ಣ ರಂಧ್ರಗಳನ್ನು ಮುಚ್ಚುವುದರಿಂದ ನೀರು ತಂಪಾಗದು. ತಂದ ಮೊದಲ ದಿನ ನೀರಲ್ಲಿ ಮುಳುಗಿಸಿಟ್ಟು, ಮೊದಲ ತುಂಬಿನ ನೀರನ್ನು ಗಿಡಕ್ಕೆ ಸುರಿಯಬೇಕು. ಸಾಬೂನು ತಾಗಿಸಬಾರದು. ಗಾಳಿಯಾಡುವ ಕಡೆ ಇಡಬೇಕೇ ಹೊರತು ಮೂಲೆಯಲ್ಲಲ್ಲ. ಗಡಸು ನೀರಿನ ಲವಣ ರಂಧ್ರಗಳಲ್ಲಿ ಕೂತು ಒಂದೆರಡು ಬೇಸಿಗೆಯಲ್ಲಿ ಹರವಿ ಬೆವರುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದು ಕಾಳು ತುಂಬಿಡಲು ಸರಿ. ಹೆಚ್ಚು ಜನರಿರುವ ಮನೆಗೆ ಇದಕ್ಕಿಂತ ದೊಡ್ಡದಾದ ರಂಜಣಗಿ ಬೇಕಾಗುತ್ತದೆ.

ನಲ್ಲಿಯ ಸಾಮಾಜಿಕ ಇತಿಹಾಸ

ಹರವಿಯ ಗುಣಗಾನ ಮಾಡುವಾಗ ಅದರ ಇನ್ನೊಂದು ಮುಖವನ್ನು ಮರೆಮಾಚುವುದು ಅಪ್ರಾಮಾಣಿಕವಾದೀತು. ಹಳೆಯ ಅರವಟ್ಟಿಗೆಗಳಲ್ಲಿ ನೀರನ್ನು ಎತ್ತಿ ಕೊಡುವವನೊಬ್ಬ ಇರುತ್ತಿದ್ದ. ಕೇಳಿದವನ ಜಾತಿಯನ್ನು ನೋಡಿ ಒಬ್ಬನ ಕೈಗೆ ತಂಬಿಗೆ ಕೊಟ್ಟು, ಇನ್ನೊಬ್ಬನ ಬೊಗಸೆಗೆ ಮೇಲಿನಿಂದ ಸುರಿಯುವ ಪದ್ಧತಿ ದಖ್ಖನ್ನಿನ ಊರುಗಳಲ್ಲಿ ತೀರ ಹಳೆಯ ಮಾತೇನೂ ಅಲ್ಲ. ನೀರು ಕೊಟ್ಟೂ ಅವಮಾನ ಮಾಡಬಹುದೆಂಬುದನ್ನು ಈ ನಾಡು ಚೆನ್ನಾಗಿ ಬಲ್ಲದು. 1927ರ ಮಾರ್ಚ್ 20ರಂದು, ದಲಿತರಿಗೆ ಮುಟ್ಟಗೊಡದಿದ್ದ ಮಹಾಡ್‌ನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಅವರೂ ಸಾವಿರಾರು ಮಂದಿಯೂ ನೀರು ಮುಟ್ಟಿ ಕುಡಿದದ್ದು ಬಾಯಾರಿಕೆಗಾಗಿ ಮಾತ್ರ ಅಲ್ಲವೆಂಬುದನ್ನು ಕಲಬುರಗಿಯಂಥ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ, ಇತ್ತೀಚಿನ ವರ್ಷಗಳಲ್ಲಿ ಕುಂಬಾರರು ಹರವಿಯ ಬುಡಕ್ಕೆ ಕೂಡಿಸಿ ಮಾರುತ್ತಿರುವ ಪ್ಲಾಸ್ಟಿಕ್ ನಲ್ಲಿ ಕಡಿಮೆ ಮಹತ್ವದ ವಸ್ತುವಲ್ಲ. ಕೈ ಅದ್ದದಿರುವುದರಿಂದ ನೀರು ಚೊಕ್ಕಟವಾಗಿರುತ್ತದೆ ಎಂಬುದು ಅದರ ಮೊದಲ ಪ್ರಯೋಜನ. ಎತ್ತಿ ಕೊಡುವವನೇ ಇಲ್ಲದ್ದರಿಂದ ಯಾರಿಗೆ ಹೇಗೆ ಕೊಡಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಎರಡನೆಯದು, ಹೆಚ್ಚು ಬೆಲೆಯುಳ್ಳದ್ದು. ಬಾಯಾರಿದವನು ತಾನೇ ಬಗ್ಗಿ, ತಾನೇ ತಿರುಗಿಸಿ, ತಾನೇ ಕುಡಿಯುತ್ತಾನೆ. ನಲ್ಲಿ ಬಂದ ಮಾತ್ರಕ್ಕೆ ಭೇದ ಅಳಿಯಿತೆಂದು ಹೇಳುವಂತಿಲ್ಲವಾದರೂ, ಕೊಡುವವನ ಕೈಯನ್ನು ನಡುವಿನಿಂದ ತೆಗೆದುಹಾಕುವ ದಾನವೇ ಹೆಚ್ಚು ಮರ್ಯಾದೆಯ ದಾನ ಎಂಬುದನ್ನು ಅದು ಸದ್ದಿಲ್ಲದೆ ತೋರಿಸಿಕೊಟ್ಟಿದೆ.

ಇದಕ್ಕೆ ತದ್ವಿರುದ್ಧವಾದ ಬಗೆಯೂ ಉಂಟು. ಬೇಸಿಗೆಯ ಆರಂಭದಲ್ಲಿ ಪೆಂಡಾಲು ಹಾಕಿ, ರಿಬ್ಬನ್ ಕತ್ತರಿಸಿ, ಬ್ಯಾನರಿನ ಮೇಲೆ ಹರವಿಗಿಂತ ದೊಡ್ಡದಾದ ಭಾವಚಿತ್ರಗಳನ್ನು ಮುದ್ರಿಸಿ ಉದ್ಘಾಟನೆಯಾಗುವ ಅರವಟ್ಟಿಗೆಗಳಲ್ಲಿ ಹಲವು, ಬಿಸಿಲು ನಿಜಕ್ಕೂ ಏರುವ ಮೇ ತಿಂಗಳ ಹೊತ್ತಿಗೆ ತಳ ಕಾಣುತ್ತವೆ. ಉಳಿದು ನಡೆಯುವವು ಮನೆಯ ಮುಂದೆ, ಅಂಗಡಿಯ ಮುಂದೆ, ಆಟೊ ನಿಲ್ದಾಣದಲ್ಲಿ ಇರುವ, ಹೆಸರಿಲ್ಲದ ಹರವಿಗಳು. ದಿನಾ ಬೆಳಿಗ್ಗೆ ಎರಡು ಕೊಡ ತುಂಬುವ ಕೆಲಸಕ್ಕೆ ಸಮಿತಿಗಿಂತ ಅಭ್ಯಾಸವೇ ಹೆಚ್ಚು ಭರವಸೆಯದು.

ಲಂಗರಿನಿಂದ ಪರುಷ ಬಟ್ಟಲಿಗೆ

ಕಲಬುರಗಿ ನಗರವನ್ನು ಎರಡು ಗೋರಿಗಳ ನಡುವೆ ಹರಡಿದ ಊರೆಂದು ಕರೆಯಬಹುದು, ಮತ್ತು ಎರಡೂ ಅನ್ನದ ಗೋರಿಗಳು. ದೆಹಲಿಯಿಂದ ಹೊರಟು 1400ರ ಆಸುಪಾಸಿನಲ್ಲಿ, ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ, ಇಲ್ಲಿಗೆ ಬಂದು ನೆಲೆಸಿದ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅವರು ತೀರಿಕೊಂಡದ್ದು 1422ರಲ್ಲಿ. ಅವರು ಸೇರಿದ ಚಿಶ್ತಿ ಪರಂಪರೆಯಲ್ಲಿ ಲಂಗರ್, ಅಂದರೆ ಬಂದವರ ಕುಲ ಮತ ಕೇಳದೆ ಉಣಬಡಿಸುವ ಸಾಮೂಹಿಕ ಅಡುಗೆ, ಪ್ರಾರ್ಥನೆಯಷ್ಟೇ ಮುಖ್ಯವಾದ ಆಚರಣೆ. ಸರಿಯಾಗಿ ನಾಲ್ಕು ನೂರು ವರ್ಷಗಳ ತರುವಾಯ, 1822ರಲ್ಲಿ, ಅದೇ ಊರಿನಲ್ಲಿ ಲಿಂಗೈಕ್ಯರಾದವರು ಶರಣಬಸವೇಶ್ವರರು.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರು ಮೊದಲಿಗೆ ಒಕ್ಕಲುತನ ಮಾಡುತ್ತಿದ್ದ ಗೃಹಸ್ಥರು. ತೆನೆಗೆ ಬಂದ ಹೊಲದಲ್ಲಿ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅವು ತಿನ್ನಲೆಂದು ಬಿಟ್ಟರು, ಆದರೂ ರಾಶಿ ಕಡಿಮೆಯಾಗಲಿಲ್ಲ ಎಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. 12ನೆಯ ಶತಮಾನದಲ್ಲಿ ಬಸವಕಲ್ಯಾಣದ ಶರಣರು ರೂಪಿಸಿದ ದಾಸೋಹ ತತ್ತ್ವ, ಅಂದರೆ ದುಡಿದುದರಲ್ಲಿ ತನಗೆ ಬೇಕಾದುದಕ್ಕಿಂತ ಹೆಚ್ಚಿನದು ತನ್ನದಲ್ಲವೆಂದು ಬಗೆದು ಸಮಾಜಕ್ಕೆ ಒಪ್ಪಿಸುವ ಕ್ರಮ, ಅವರ ಬದುಕಿನಲ್ಲಿ ಮರಳಿ ಕಾಣಿಸಿಕೊಂಡಿತು.

ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯ ಜನ ತುಸು ಬಿಗಿಯಾಗಿಯೇ ಹಿಡಿಯುತ್ತಾರೆ: ದಾನ ಕೊಟ್ಟವನು ದೊಡ್ಡವನಾಗುತ್ತಾನೆ, ದಾಸೋಹ ಮಾಡಿದವನು ದಾಸನಾಗುತ್ತಾನೆ. ಹೋಳಿ ಹುಣ್ಣಿಮೆಯ ಐದನೆಯ ದಿನ ನಡೆಯುವ ಶರಣಬಸವೇಶ್ವರ ಜಾತ್ರೆಯಲ್ಲಿ, ತೇರು ಎಳೆಯುವ ಮುನ್ನ ಸಂಸ್ಥಾನದ ಪೀಠಾಧಿಪತಿಗಳು ಜನಸಾಗರಕ್ಕೆ ಎತ್ತಿ ತೋರಿಸುವುದು ಒಂದು ಬಟ್ಟಲನ್ನು. ಶರಣಬಸವರ ದಾಸೋಹದ ಗುರುತಾದ ಆ ಪರುಷ ಬಟ್ಟಲನ್ನು ಕಂಡೊಡನೆ ಏಳುವ ಜಯಘೋಷ, ತೇರಿನತ್ತ ತೂರಿಬರುವ ಉತ್ತತ್ತಿ ಬಾಳೆಹಣ್ಣುಗಳ ಮಳೆ ನೋಡಿದವರಿಗೆ, ಕಿರೀಟಕ್ಕೋ ಖಡ್ಗಕ್ಕೋ ಸಲ್ಲುವ ಗೌರವವನ್ನು ಊರೊಂದು ಉಣ್ಣುವ ಪಾತ್ರೆಗೆ ಸಲ್ಲಿಸುತ್ತಿರುವುದು ಅರಿವಾಗುತ್ತದೆ.

ಕಮಲಾಪುರದ ದಾರಿ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಎರ್ರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ, ತೊಗರಿ ಹೊಲಗಳನ್ನು ದಾಟುತ್ತ ಹೋದಂತೆ ನೆಲ ಏರಿಳಿಯತೊಡಗಿ, ಮಣ್ಣಿನ ಬಣ್ಣ ಕೆಂಪಿಗೆ ತಿರುಗುವಲ್ಲಿ ಕಮಲಾಪುರ ಸಿಗುತ್ತದೆ. ಇತ್ತೀಚೆಗೆ ತಾಲ್ಲೂಕು ಕೇಂದ್ರವಾದ ಈ ಊರಿಗೆ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಒಂದು ನಿಲ್ದಾಣವೂ ಇದೆ. ಆದರೆ ಊರಿನ ಹೆಸರು ಹರಡಿದ್ದು ರೈಲಿಗಿಂತ ಬಹಳ ಮೊದಲು, ಒಂದು ಹಣ್ಣಿನಿಂದ.

*ಬಾಕ್ಸ್:* ಕೆಂಪು ಬಾಳೆ

ಭೌಗೋಳಿಕ ಸೂಚಿ ಮಾನ್ಯತೆ, ಅಂದರೆ ಒಂದು ಊರಿನ ನೆಲಕ್ಕೇ ವಿಶಿಷ್ಟವಾದ ಉತ್ಪನ್ನವೆಂಬ ಕಾನೂನಿನ ಮುದ್ರೆ, ಪಡೆದಿರುವ ಕಮಲಾಪುರದ ಕೆಂಪು ಬಾಳೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಸಿಪ್ಪೆ ಇಟ್ಟಂಗಿ ಕೆಂಪು, ತಿರುಳು ಹಳದಿ ಬೆರೆತ ಕೆನೆಬಣ್ಣ, ಹಣ್ಣು ಗಿಡ್ಡ ಮತ್ತು ದಪ್ಪ. ಕಾಯುವ ಕಾಲ ದೀರ್ಘ, ನೀರು ಹೆಚ್ಚು, ಇಳುವರಿ ಕಡಿಮೆ. ಹಾಗಾಗಿ ಬೆಲೆ ದುಬಾರಿ. ಶ್ರೀಮಂತರ ಹಣ್ಣು ಎಂಬ ಅಡ್ಡಹೆಸರು ಬಿದ್ದಿರುವುದೂ, ಬೆಳೆಯುವ ತೋಟಗಳು ಕುಗ್ಗುತ್ತಿರುವುದೂ ಅದೇ ಕಾರಣಕ್ಕೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಇದೇ ಮಾನ್ಯತೆ ದೊರೆತಿದೆ.

ದುಬಾರಿ ಹಣ್ಣನ್ನು ಡಜನ್ ಲೆಕ್ಕದಲ್ಲಿ ಕೊಳ್ಳುವವರು ಕಡಿಮೆ. ರಸ್ತೆಬದಿಯ ಬುಟ್ಟಿಯಿಂದ ಎರಡು ಆರಿಸಿ, ಒಂದನ್ನು ಮನೆಯಲ್ಲಿ ಕಾಯುವ ಮಗುವಿಗೂ ಇನ್ನೊಂದನ್ನು ಹಾಸಿಗೆ ಹಿಡಿದ ಹಿರಿಯರಿಗೂ ಎಂದು ಚೀಲದ ತಳಕ್ಕೆ ಸೇರಿಸುವ ಪ್ರಯಾಣಿಕರೇ ಅದರ ನಿಜವಾದ ಗಿರಾಕಿಗಳು. ತಾನು ತಿನ್ನಲೆಂದು ಕೊಳ್ಳುವುದಕ್ಕಿಂತ ಇನ್ನೊಬ್ಬರಿಗೆಂದು ಕೊಳ್ಳಲು ಹೆಚ್ಚು ಒಗ್ಗುವ ಹಣ್ಣಿದು.

ಕಮಲಾಪುರದ ಸುತ್ತಿನ ಹೊಲಗಳ ಔದಾರ್ಯ ನೋಡಬೇಕಾದರೆ ಮಾತ್ರ ಬೇಸಿಗೆ ಬಿಟ್ಟು ಎಳ್ಳಮಾವಾಸ್ಯೆಗೆ ಬರಬೇಕು. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬೀಳುವ ಈ ಅಮಾವಾಸ್ಯೆಯಂದು ಕಲಬುರಗಿ, ಬೀದರ್ ಸೀಮೆಯ ಮನೆಗಳಲ್ಲಿ ಯಾರೂ ಉಣ್ಣುವುದಿಲ್ಲ, ಎಲ್ಲರೂ ಹೊಲದಲ್ಲಿ ಉಣ್ಣುತ್ತಾರೆ. ಹಸಿ ತೊಗರಿ, ಅವರೆ, ಕಡಲೆ, ಬದನೆ, ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲವೂ ಬುಟ್ಟಿ ಏರಿ ಹೊರಡುತ್ತವೆ. ಮೊದಲು ಚರಗ ಚೆಲ್ಲಬೇಕು, ಅಂದರೆ ಮಾಡಿದ ಅಡುಗೆಯ ಒಂದಿಷ್ಟನ್ನು ಹೊಲದ ಸುತ್ತ ನಡೆಯುತ್ತ ಭೂತಾಯಿಗೂ ಹಕ್ಕಿ ಹುಳುಗಳಿಗೂ ಎರಚಬೇಕು. ಆ ಮೇಲೆ ಬದುವಿನ ಮೇಲೆ ಹಾದುಹೋಗುವ ಯಾರೇ ಆಗಲಿ, “ಬರ್ರಿ, ಉಂಡು ಹೋಗ್ರಿ” ಎಂಬ ಕರೆ ತಪ್ಪಿಸಿಕೊಂಡು ಹೋಗುವುದು ಸಾಧ್ಯವಿಲ್ಲ. ಹೊಲವಿಲ್ಲದ ನಗರದವರನ್ನು ಹೊಲವಿರುವ ಗೆಳೆಯರು ಕರೆದೊಯ್ಯುತ್ತಾರೆ. ಬಾಡಿಗೆ ಮನೆಯ ನೌಕರನಿಗೂ ಆ ದಿನ ಯಾರದೋ ಒಂದು ಹೊಲ ಸಿಗುತ್ತದೆ.

ಇಷ್ಟರ ನಡುವೆ ಫರಸಿ ಕಲ್ಲನ್ನೂ ಮರೆಯಲಾಗದು. ಜಿಲ್ಲೆಯ ಶಹಾಬಾದ್‌ನಲ್ಲಿ ನೆಲದಡಿ ಪದರ ಪದರವಾಗಿ ಏಳುವ ಬೂದುಬಣ್ಣದ ಸುಣ್ಣಗಲ್ಲಿನ ಹಲಗೆಗೆ ಇಲ್ಲಿ ಫರಸಿ ಎನ್ನುತ್ತಾರೆ. ನೆಲಕ್ಕೆ, ಗೂಡಿಗೆ, ಛಾವಣಿಗೆ, ದನದ ಡೋಣಿಗೆ ಎಲ್ಲಕ್ಕೂ ಒದಗುವ ಈ ಕಲ್ಲಿನ ಒಂದು ಉಳಿಕೆ ತುಂಡನ್ನು ಎರಡು ದಿಮ್ಮಿಗಳ ಮೇಲೆ ಅಡ್ಡ ಇಟ್ಟು, ಬೇವಿನ ಕೆಳಗೆ ಮನೆ ಮುಂದೆ ದಾರಿಹೋಕರಿಗೆ ಆಸನ ಮಾಡಿಬಿಡುವುದು ಊರೂರಲ್ಲಿ ಕಾಣುವ ನೋಟ. ಅದರ ಖರ್ಚು ಸೊನ್ನೆ, ಆಯುಷ್ಯ ಮನೆಯಷ್ಟೇ.

ಕೆಡದ ರೊಟ್ಟಿ

ಈ ಎಲ್ಲ ಉಪಾಯಗಳ ನಡುವೆ ಬುದ್ಧಿವಂತಿಕೆಯಲ್ಲಿ ಮೊದಲ ಸ್ಥಾನ ಸಲ್ಲಬೇಕಾದುದು ಖಡಕ್ ರೊಟ್ಟಿಗೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಆದ್ದರಿಂದ ಲಟ್ಟಿಸಲು ಹೋದರೆ ಹಿಟ್ಟು ಒಡೆದು ಚೂರಾಗುತ್ತದೆ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಜೋಳದ ಪಿಷ್ಟ ಅರೆಬೆಂದು ಜಿಗುಟಾದ ಮೇಲೆ ಅಂಗೈಯ ಬಲದಿಂದ ನಾದಿ, ಉಂಡೆಯನ್ನು ತಿರುಗಿಸುತ್ತ ತಿರುಗಿಸುತ್ತ ಬಡಿಯಬೇಕು. ಬಡಿತದ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಅಂಚು ತೆಳುವಾಗಿ ಏಳುತ್ತದೆ. ಲಯ ತಪ್ಪಿದರೆ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವಷ್ಟರಲ್ಲಿ ಮಗುಚಿ, ಉಬ್ಬಿದ್ದನ್ನು ಬಟ್ಟೆಯ ಸುರುಳಿಯಿಂದ ಒತ್ತಬೇಕು.

ಇಷ್ಟಾದರೆ ಅದು ಮೆತ್ತನೆಯ ಬಿಸಿ ರೊಟ್ಟಿ, ಮರುದಿನಕ್ಕೆ ಹಳಸುವಂಥದು. ಅದನ್ನೇ ಇನ್ನಷ್ಟು ತೆಳುವಾಗಿ ಬಡಿದು, ಬೆಂದ ಮೇಲೆ ಒಲೆಯ ಬದಿಗೆ ಒರಗಿಸಿ ಸಣ್ಣ ಕಾವಿನಲ್ಲಿ ಒಳಗಿನ ತೇವವೆಲ್ಲ ಆರುವವರೆಗೆ ಬಿಟ್ಟರೆ ಖಡಕ್ ರೊಟ್ಟಿಯಾಗುತ್ತದೆ. ಬೂಷ್ಟಿಗೆ ಬೇಕಾದ ನೀರೇ ಉಳಿಯದಿರುವುದರಿಂದ ಅದು ತಿಂಗಳು ಕಳೆದರೂ ಕೆಡುವುದಿಲ್ಲ. ಹರವಿಯನ್ನು ತಂಪಾಗಿಸುವ ಒಣಗಾಳಿಯೇ ಇಲ್ಲೂ ಪಾಲುದಾರ: ಹಿಂಗಾರಿ ಬಿಳಿಜೋಳದ, ಅದರಲ್ಲೂ ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ತಳಿಯ, ಖಡಕ್ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಸಾಕು, ಡಬ್ಬಿಯೂ ಬೇಡ, ಫ್ರಿಜ್ಜೂ ಬೇಡ.

ಕೆಡದ ಊಟ ಮನೆಯಲ್ಲಿದ್ದಾಗ ಕೊಡುವ ಕೈಗೆ ಹಿಂಜರಿಕೆ ಇರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಎರಡು ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಒಂದು ಉಳ್ಳಾಗಡ್ಡಿ ಮುಂದಿಟ್ಟರೆ ಒಲೆ ಹಚ್ಚದೆಯೇ ಊಟವಾಯಿತು. ಸಾವಾದ ಮನೆಯಲ್ಲಿ ಒಲೆ ಹೊತ್ತದ ದಿನಗಳಲ್ಲಿ ನೆರೆಹೊರೆಯಿಂದ ಹೋಗುವುದೂ ರೊಟ್ಟಿಯ ಗಂಟೇ. ಮದುವೆಯ ಮುನ್ನ ಓಣಿಯ 10–12 ಮನೆಗಳಿಗೆ ಹಿಟ್ಟು ಹಂಚಿದರೆ ಸಂಜೆಗೆ ರೊಟ್ಟಿಯ ಕಟ್ಟುಗಳು ಬಂದು ಸೇರುತ್ತವೆ. ಒಂದು ಮನೆಗೆ ಭಾರವಾಗಬಹುದಾದ ಸಾವಿರ ರೊಟ್ಟಿ ಹೀಗೆ ಹಂಚಿಹೋದಾಗ ಯಾರಿಗೂ ಹೊರೆಯೆನಿಸುವುದಿಲ್ಲ. ಇದಕ್ಕೆ ಪ್ರತಿಫಲ ಮುಯ್ಯಿ: ಇಂದು ನಿಮ್ಮ ಮನೆಗೆ ಬಡಿದವರಿಗೆ ನಾಳೆ ನೀವು ಬಡಿಯಬೇಕು.

ಇದೇ ಲೆಕ್ಕ ದೊಡ್ಡದಾದಾಗ ಏನಾಗುತ್ತದೆಂಬುದನ್ನು ಪ್ರತಿ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ತೋರಿಸುತ್ತದೆ. ಅಲ್ಲಿನ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳು ವಾರಗಳ ಮೊದಲೇ ಬಡಿದಿಟ್ಟ ಲಕ್ಷಾಂತರ ರೊಟ್ಟಿಗಳನ್ನು ಟ್ರ್ಯಾಕ್ಟರುಗಳಲ್ಲಿ, ಬಂಡಿಗಳಲ್ಲಿ ಮೆರವಣಿಗೆಯಾಗಿ ತಂದು ಒಪ್ಪಿಸುತ್ತವೆ. ಅನ್ನವಾಗಿದ್ದರೆ ಅಷ್ಟು ದೂರದಿಂದ, ಅಷ್ಟು ಮೊದಲೇ ತರುವಂತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಅಲ್ಲಿಗೆ ಹೊರಟ ಲಾರಿಗಳಲ್ಲಿ ಹೊದಿಕೆ, ಔಷಧಿಗಳೊಡನೆ ರೊಟ್ಟಿಯ ಕಟ್ಟುಗಳೂ ಚಟ್ನಿಪುಡಿಯೂ ಇದ್ದವು. ಅಕ್ಕಿ ರೊಟ್ಟಿ, ಕಡುಬು ಉಣ್ಣುವ ನಾಡಿಗೆ ಜೋಳದ ರೊಟ್ಟಿ ಹೊಸದಾಗಿದ್ದಿರಬಹುದು, ಆದರೆ ಒಲೆ ಹಚ್ಚಲು ಒಣ ಕಟ್ಟಿಗೆಯೂ ಇಲ್ಲದ ಪರಿಹಾರ ಶಿಬಿರಕ್ಕೆ ಅಡುಗೆಯೇ ಬೇಡದ ಊಟಕ್ಕಿಂತ ಹೆಚ್ಚು ಹೊಂದುವ ಕೊಡುಗೆ ಸಿಗುವುದು ಕಷ್ಟ.

ರೊಟ್ಟಿಯ ದಾನದ ಕೀರ್ತಿ ಮನೆತನದ ಹೆಸರಿಗೂ ಊರಿನ ಹೆಸರಿಗೂ ಹೋಗುತ್ತದೆ, ಹೊಗೆ ಕುಡಿದು ಬಡಿದ ಕೈಗಳು ಮಾತ್ರ ಹೆಂಗಸರವು ಎಂಬುದನ್ನು ಬರೆದಿಡಬೇಕು. ದಾಸೋಹದ ಫೋಟೊಗಳಲ್ಲಿ ಬಡಿಸುವ ಗಂಡಸರು ಮುಂದಿರುತ್ತಾರೆ. ಈ ದುಡಿಮೆಗೆ ಬೆಲೆ ಕಟ್ಟುವ ಪ್ರಯತ್ನವೊಂದು ಕಲಬುರಗಿಯಲ್ಲೇ ಆರಂಭವಾಗಿದೆ: ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸ್ವಸಹಾಯ ಗುಂಪುಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಸಹಕಾರಿ ಕಟ್ಟಿಕೊಂಡು, ರೊಟ್ಟಿಯನ್ನು ಪೊಟ್ಟಣದಲ್ಲಿ ಮಾರುತ್ತಿವೆ. ದಿನಕ್ಕೆ 3 ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ ಎಂದು 2025ರ ಜೂನ್ 29ರಂದು ಪ್ರಧಾನಿಯವರ ‘ಮನ್ ಕಿ ಬಾತ್’ ಬಾನುಲಿ ಕಾರ್ಯಕ್ರಮದಲ್ಲಿ ಪ್ರಸ್ತಾಪವಾದ ಮೇಲೆ ಈ ಹೆಸರು ಹೊರನಾಡಿಗೂ ತಲುಪಿತು. ಬೆಂಗಳೂರಿನಲ್ಲೂ ಅದಕ್ಕೆ ಮಾರಾಟದ ಕೌಂಟರ್ ಆಗಿದೆ, ಮೊಬೈಲಿನಲ್ಲೇ ಬೇಡಿಕೆ ಸಲ್ಲಿಸಲೂ ಬರುತ್ತದೆ.

ಕೊಡುತ್ತಿದ್ದುದನ್ನು ಮಾರತೊಡಗಿದರೆ ಕೊಡುವ ಗುಣ ಕುಂದುತ್ತದೆ ಎಂಬ ಆಕ್ಷೇಪ ಕೇಳಿಬರುವುದುಂಟು. ಅದು ಬಡಿಯದವರ ಆಕ್ಷೇಪ. ರೊಟ್ಟಿ ಮಾರಿ ಮಗಳ ಕಾಲೇಜಿನ ಶುಲ್ಕ ಕಟ್ಟುವ ಹೆಣ್ಣುಮಗಳು ಜಾತ್ರೆಗೆಂದು 50 ರೊಟ್ಟಿ ತೆಗೆದಿಟ್ಟರೆ, ಅದು ಅವಳದೇ ದಾಸೋಹ. ಹಿಂದೆ ಅದು ಮನೆಯ ಯಜಮಾನನ ಹೆಸರಲ್ಲಿ ನಡೆಯುತ್ತಿತ್ತು. ಬೆಲೆ ಗೊತ್ತಿದ್ದವರು ಕೊಟ್ಟಾಗಲೇ ಕೊಟ್ಟದ್ದೆಷ್ಟೆಂದು ಪಡೆದವರಿಗೂ ತಿಳಿಯುತ್ತದೆ.

ಮಾರುಕಟ್ಟೆಗೆ ಹೊರಟ ಖಡಕ್ ರೊಟ್ಟಿಗೆ ಇರುವ ತೊಡಕು ಬೇರೆ. ಬಿಸಿಲು, ಕಾಲ ಯಾವುದಕ್ಕೂ ಜಗ್ಗದ ಅದು ಪಾರ್ಸೆಲ್ ಎತ್ತಿಹಾಕುವವರ ಕೈಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಮುರಿದದ್ದಕ್ಕೆ ಪೂರ್ತಿ ಬೆಲೆ ಸಿಗದು, ಎಸೆಯುವ ರೂಢಿಯಂತೂ ಇಲ್ಲ. ಆ ಚೂರುಗಳ ಮೇಲೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಸಾಸಿವೆ, ಬಳ್ಳೊಳ್ಳಿ, ಹಸಿಮೆಣಸಿನ ಒಗ್ಗರಣೆಯಲ್ಲಿ ಕೈಯಾಡಿಸಿ, ಮೇಲೆ ಶೇಂಗಾ ಪುಡಿ ಉದುರಿಸಿದರೆ ಸಂಜೆಯ ತಿಂಡಿಯಾಗುತ್ತದೆ; ಬೇಸಿಗೆಯಾದರೆ ಮಜ್ಜಿಗೆಯಲ್ಲಿ ನೆನೆಹಾಕಿ, ಉಪ್ಪು, ಉಳ್ಳಾಗಡ್ಡಿ ಬೆರೆಸಿದರೂ ನಡೆಯುತ್ತದೆ.